ಡಿಸ್ಕ್ ತುಂಬಿದೆ ಅಂತ ಫಾರ್ಮ್ಯಾಟ್ ಒತ್ತಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಹಳೆ ಕಂಪ್ಯೂಟರನ್ನೇ ಮನೆಯ ಸರ್ವರ್ ಮಾಡಿಕೊಂಡಿದ್ದಾರಂತೆ. ಡಿಸ್ಕ್ ತುಂಬಿದೆ, ಜಾಗ ಹೆಚ್ಚಿಸೋದು ಹೇಗೆ ಅಂತ. ದೊಡ್ಡ ಡಿಸ್ಕ್ ತನ್ನಿ, ಫಾರ್ಮ್ಯಾಟ್ ಮಾಡಿ, ಬಳಸಿ ಅಂತ ಎರಡೇ ಸಾಲಿನ ಉತ್ತರ ಬಂದಿತ್ತು. ಈಗ ಒಳಗೆ ಇರುವ ಡೇಟಾ ಏನಾಗಬೇಕು ಅನ್ನೋ ಮಾತೇ ಅದರಲ್ಲಿ ಇರಲಿಲ್ಲ. ಓದಿ ನನ್ನ ಹೊಟ್ಟೆ ಚುರ್ ಅಂದಿತು, ಯಾಕೆ ಅಂತ ಹೇಳ್ತೀನಿ.

ನಮ್ಮ ಮನೆ ಇರೋದು ಶಿರಸಿ ಕಡೆಯ ಒಂದು ಹಳ್ಳಿಯಲ್ಲಿ. ಅಪ್ಪನಿಗೆ ತಾಳಮದ್ದಳೆ ಹುಚ್ಚು. ಎಲ್ಲಿ ಕೂಟ ಇದ್ದರೂ ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಹೋಗಿ, ಬೆಳಗಿನ ಜಾವದವರೆಗೆ ಕೂತು ರೆಕಾರ್ಡ್ ಮಾಡಿ ತರುತ್ತಿದ್ದರು. ಕಾಳಿಂಗ ನಾವಡರ ಪದ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಜೊತೆಗೆ ಯಾರೂ ಹೆಸರು ಕೇಳಿರದ ನಮ್ಮೂರಿನ ಹವ್ಯಾಸಿಗಳ ದನಿಯೂ ಇತ್ತು. ಒಟ್ಟು 600ರಷ್ಟು ಕ್ಯಾಸೆಟ್. ಮಲೆನಾಡಿನ ಮಳೆಗೆ ಅವಕ್ಕೆ ಬೂಷ್ಟು ಹಿಡಿಯತೊಡಗಿದಾಗ ನಾನು ಒಂದೊಂದನ್ನೇ ಕಂಪ್ಯೂಟರ್‌ಗೆ ಇಳಿಸಿದೆ. 90 ನಿಮಿಷದ ಒಂದು ಕ್ಯಾಸೆಟ್ ಕಂಪ್ರೆಸ್ ಮಾಡದೆ ಇಟ್ಟರೆ ಒಂದು ಜಿಬಿಯ ಹತ್ತಿರ ಬರುತ್ತದೆ. ಇಳಿಸಿದ ಮೇಲೆ ಹಾಳಾದ ಕ್ಯಾಸೆಟ್‌ಗಳನ್ನು ಎಸೆದೆವು. ಹಾಗೆ ಎಸೆಯಬಾರದಿತ್ತು.

2019ರಲ್ಲಿ ಡಿಸ್ಕ್ ತುಂಬಿತು. ಆಗ ನನಗೆ ಇಷ್ಟೆಲ್ಲ ಗೊತ್ತಿರಲಿಲ್ಲ. ಡಿಸ್ಕ್ ಬಿಚ್ಚಿಕೊಂಡು ಪೇಟೆಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ, ದೊಡ್ಡದಕ್ಕೆ ಕಾಪಿ ಮಾಡಿಕೊಡಿ ಅಂದೆ. ನನ್ನ ಡಿಸ್ಕ್ ಲಿನಕ್ಸ್‌ನ ಇಎಕ್ಸ್‌ಟಿ4 ನಮೂನೆಯಲ್ಲಿತ್ತು. ವಿಂಡೋಸ್‌ಗೆ ಅದು ಓದಲು ಬರಲ್ಲ. ಓದಲು ಬರಲ್ಲ ಅಂತ ಹೇಳಿದ್ದರೆ ಸಾಕಿತ್ತು, ಆದರೆ ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು ಅಂತ ಒಂದು ಪುಟ್ಟ ಚೌಕ ಬರುತ್ತದೆ. ಅಂಗಡಿಯ ಹುಡುಗ ಸುಮ್ನೆ ಅದನ್ನು ಒತ್ತಿದ. ಖಾಲಿ ಕಾಣಿಸಿದ್ದಕ್ಕೆ, ಡಿಸ್ಕ್ ಸರಿ ಇದೆಯಾ ನೋಡೋಣ ಅಂತ ಒಂದಷ್ಟು ಸಿನಿಮಾ ಕಾಪಿ ಮಾಡಿ ನೋಡಿದ. ನಿಜವಾಗಿ ಕೆಟ್ಟದ್ದು ಅಲ್ಲೇ. ಕ್ವಿಕ್ ಫಾರ್ಮ್ಯಾಟ್‌ನಲ್ಲಿ ಹೋಗೋದು ಹೆಚ್ಚಾಗಿ ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿ, ಒಳಗಿನ ಸರಕು ಬಹುಪಾಲು ಹಾಗೇ ಬಿದ್ದಿರುತ್ತದೆ. ಅದರ ಮೇಲೆ ಬೇರೆ ಏನಾದರೂ ಬರೆದರೆ ಬರೆದಷ್ಟು ಜಾಗ ಹೋದ ಹಾಗೇ.

ಫೋಟೊರೆಕ್ ಅನ್ನೋ ಉಚಿತ ತಂತ್ರಾಂಶದಿಂದ ತುಂಬಾ ಫೈಲ್ ವಾಪಸ್ ಬಂದವು. ಆದರೆ ಅದು ಹೆಸರು ಮತ್ತು ಫೋಲ್ಡರ್ ಉಳಿಸಿಕೊಡಲ್ಲ. ಎಲ್ಲ ಫೈಲ್‌ಗೂ ಎಫ್ ಅನ್ನೋ ಅಕ್ಷರ, ಅದರ ಮುಂದೆ ಒಂದಷ್ಟು ಅಂಕಿ, ಅಷ್ಟೇ. ಯಾವ ಊರು, ಯಾವ ವರ್ಷ, ಯಾವ ಪ್ರಸಂಗ, ಒಂದೂ ಇಲ್ಲ. ಕೆಲವು ಮಧ್ಯಕ್ಕೇ ತುಂಡಾಗಿದ್ದವು. ಅಪ್ಪ ಎರಡು ಚಳಿಗಾಲ ಹೆಡ್‌ಫೋನ್ ಹಾಕಿಕೊಂಡು ಕೂತು, ಕಣ್ಣು ಮುಚ್ಚಿ ಕೇಳಿ, ‘ಇದು ನಮ್ಮ ದೇವಸ್ಥಾನದ ಕೂಟ, ಮದ್ದಳೆ ಕೇಳು ಗೊತ್ತಾಗ್ತು’ ಅಂತ ಒಂದೊಂದಕ್ಕೇ ಹೆಸರು ಹೇಳಿದರು, ನಾನು ಬರೆದುಕೊಂಡೆ. 70ರಷ್ಟು ಫೈಲ್ ಇವತ್ತಿಗೂ ಬರೀ ಅಂಕಿಯಲ್ಲೇ ಇವೆ.

ಅದಾದ ಮೇಲೆ ಪಟ್ಟು ಹಿಡಿದು ಕಲಿತೆ. 2 ಟಿಬಿಯ ಎರಡು ಡಿಸ್ಕ್ ಹಾಕಿ ರೇಡ್ 1 ಮಾಡಿದೆ, ಅಂದರೆ ಎರಡರಲ್ಲೂ ಅದೇ ಡೇಟಾ. ಹೋದ ವರ್ಷ ಅದೂ ತುಂಬಿತು. ಈ ಸಲ ಎರಡು 8 ಟಿಬಿ ಡಿಸ್ಕ್‌ಗೆ ಏರಿಸಿದೆ, ಒಂದು ಫೈಲ್ ಕೂಡ ಹೋಗಲಿಲ್ಲ. ಹೇಗೆ ಮಾಡಿದೆ ಅಂತ ಹೇಳ್ತೀನಿ, ಆ ಓದುಗರಿಗೆ ಉಪಯೋಗ ಆದೀತು.

ಎಲ್ಲಕ್ಕಿಂತ ಮೊದಲು ಬೇರೆ ಒಂದು ಯುಎಸ್‌ಬಿ ಡಿಸ್ಕ್‌ಗೆ ಎಲ್ಲವನ್ನೂ ಕಾಪಿ ಮಾಡಿ, ಅದನ್ನು ಸರ್ವರ್‌ನಿಂದ ಕಿತ್ತು ಅಕ್ಕನ ಮನೆಯಲ್ಲಿಟ್ಟೆ. ರೇಡ್ ಇದೆಯಲ್ಲ, ಎರಡು ಪ್ರತಿ ಇದ್ದೇ ಇದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ರೇಡ್ ಬ್ಯಾಕಪ್ ಅಲ್ಲ. ಒಂದು ಡಿಸ್ಕ್ ಸತ್ತರೆ ಅದು ಕಾಯುತ್ತದೆ. ನೀವೇ ಫೈಲ್ ಅಳಿಸಿದರೆ ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ. ಸಿಡಿಲು ಬಡಿದರೆ ಎರಡೂ ಹೋಗಬಹುದು, ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಇದೇನು ದೂರದ ಮಾತಲ್ಲ. ಕಾಪಿ ಆದ ಮೇಲೆ ನಾಲ್ಕು ಫೈಲ್ ತೆರೆದು ಕೇಳಿ ನೋಡಿದೆ. ತೆರೆದು ನೋಡದ ಕಾಪಿಯನ್ನು ನಾನು ಲೆಕ್ಕಕ್ಕೇ ಹಿಡಿಯಲ್ಲ.

ಹೊಸ ಡಿಸ್ಕ್ ಬಂದ ದಿನವೇ ಡೇಟಾ ತುಂಬಬೇಡಿ. ಡಿಸ್ಕ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಸ್ಮಾರ್ಟ್ ಪರೀಕ್ಷೆ ಅಂತ ಡಿಸ್ಕ್ ಒಳಗೇ ಇರುತ್ತದೆ. ಅದರಲ್ಲಿ ಉದ್ದದ ಪರೀಕ್ಷೆ ಓಡಿಸಿ, 8 ಟಿಬಿಗೆ ಅರ್ಧ ದಿನಕ್ಕಿಂತ ಜಾಸ್ತಿ ಹಿಡಿಯಬಹುದು, ಹಿಡಿಯಲಿ. ಕೊಳ್ಳುವಾಗ ಎಸ್‌ಎಂಆರ್ ನಮೂನೆಯದೋ ಸಿಎಂಆರ್ ನಮೂನೆಯದೋ ಕೇಳಿ. ಸಿಎಂಆರ್‌ನಲ್ಲಿ ಡೇಟಾ ಬರೆಯುವ ದಾರಿಗಳು ಬೇರೆ ಬೇರೆ ಇರುತ್ತವೆ. ಎಸ್‌ಎಂಆರ್‌ನಲ್ಲಿ ಅವು ಹೆಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ, ಒಂದನ್ನು ಬದಲಿಸಲು ಪಕ್ಕದವನ್ನೂ ಬರೆಯಬೇಕು, ಹಾಗಾಗಿ ರೇಡ್‌ನಲ್ಲಿ ತುಂಬುವಾಗ ತೀರಾ ನಿಧಾನವಾಗುತ್ತದೆ. ಸರ್ವರ್‌ಗೆ ಸಿಎಂಆರ್ ತಗೊಳ್ಳಿ.

ಇನ್ನೊಂದು ಮಾತು, ಹಳೆ ಡಿಸ್ಕ್‌ನ ಪಾರ್ಟಿಶನ್ ಟೇಬಲ್ಲನ್ನೇ, ಅಂದರೆ ಡಿಸ್ಕ್ ಹೇಗೆ ಭಾಗವಾಗಿದೆ ಅನ್ನೋ ಪಟ್ಟಿಯನ್ನೇ, ಹೊಸದಕ್ಕೆ ನಕಲು ಮಾಡಬೇಡಿ. ಹಳೆಯದು ಎಂಬಿಆರ್ ಅನ್ನೋ ಹಳೆ ನಮೂನೆಯ ಪಟ್ಟಿಯಾಗಿದ್ದರೆ 2 ಟಿಬಿ ದಾಟಲು ಬಿಡಲ್ಲ, ಹೊಸದಕ್ಕೆ ಜಿಪಿಟಿ ಅನ್ನೋ ಹೊಸ ನಮೂನೆ ಬೇಕು. 8 ಟಿಬಿ ಡಿಸ್ಕ್ ಕಂಪ್ಯೂಟರ್‌ನಲ್ಲಿ 7.2 ಚಿಲ್ಲರೆ ಅಂತ ಕಂಡರೆ ಮೋಸ ಹೋದೆ ಅಂದುಕೊಳ್ಳಬೇಡಿ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಕಂಪ್ಯೂಟರ್ 1024ರ ಲೆಕ್ಕ ಹಿಡಿಯುತ್ತದೆ.

ಈಗ ಮುಖ್ಯ ಕೆಲಸ. ಹಳೆ ಡಿಸ್ಕ್ ಒಂದನ್ನು ಕಿತ್ತು ಅದೇ ಜಾಗಕ್ಕೆ ಹೊಸದು ಹಾಕೋದು ಸಾಮಾನ್ಯ ರೂಢಿ. ಹಾಗೆ ಮಾಡಿದರೆ ಹೊಸದು ತುಂಬುವವರೆಗೆ ಇಡೀ ಡೇಟಾ ಉಳಿದ ಒಂದೇ ಹಳೆ ಡಿಸ್ಕ್ ಮೇಲೆ ನಿಂತಿರುತ್ತದೆ, ಅದನ್ನೇ ಗಂಟೆಗಟ್ಟಲೆ ಎಡೆಬಿಡದೆ ಓದಿಸುತ್ತಿರುತ್ತೀರಿ. ವಯಸ್ಸಾದ ಡಿಸ್ಕ್ ಕೈಕೊಡೋದು ಇಂಥ ಹೊತ್ತಲ್ಲೇ. ಮದರ್‌ಬೋರ್ಡ್‌ನಲ್ಲಿ ಡಿಸ್ಕ್ ಜೋಡಿಸುವ ಸಾಟಾ ಕಿಂಡಿ ಇನ್ನೊಂದು ಖಾಲಿ ಇದ್ದರೆ ಹೊಸದನ್ನು ಮೂರನೆಯದಾಗಿ ಸೇರಿಸಿ. ಹಳೆಯವೆರಡೂ ಇರುವಾಗಲೇ ಅದು ತುಂಬಿಕೊಳ್ಳಲಿ, ಆಮೇಲೆ ಹಳೆಯದೊಂದನ್ನು ಬಿಡಿಸಿ. ನನ್ನಲ್ಲಿ 2 ಟಿಬಿ ತುಂಬಲು ನಾಲ್ಕೂವರೆ ಗಂಟೆ ಹಿಡಿಯಿತು. ಎರಡನೆಯ ಹೊಸ ಡಿಸ್ಕ್‌ಗೂ ಅಷ್ಟೇ. ಆ ಹೊತ್ತಲ್ಲೂ ಸರ್ವರ್ ನಡೆಯುತ್ತಲೇ ಇತ್ತು, ಅಪ್ಪ ಜಗುಲಿಯಲ್ಲಿ ಕೂತು ಕೇಳುತ್ತಲೇ ಇದ್ದರು.

ಎರಡೂ ಹೊಸದಾದ ಮೇಲೂ ಜಾಗ 2 ಟಿಬಿ ಅಂತಲೇ ತೋರಿಸುತ್ತದೆ. ಇಲ್ಲೇ ಕೆಲವರು ಹೆದರಿ, ಏನೋ ತಪ್ಪಾಯಿತು ಅಂತ ಫಾರ್ಮ್ಯಾಟ್‌ಗೆ ಕೈ ಹಾಕುತ್ತಾರೆ. ಏನೂ ತಪ್ಪಾಗಿರಲ್ಲ, ಹಿಗ್ಗಿಸೋದು ಬಾಕಿ ಇರುತ್ತದೆ ಅಷ್ಟೇ. ಮೊದಲು ರೇಡ್ ಅನ್ನು ಡಿಸ್ಕ್ ಇರುವಷ್ಟೂ ಹಿಗ್ಗಿಸಬೇಕು, ಆಮೇಲೆ ಅದರ ಮೇಲಿನ ಫೈಲ್ ಸಿಸ್ಟಂ, ಅಂದರೆ ಫೈಲ್‌ಗಳನ್ನು ಜೋಡಿಸಿಡುವ ನಮೂನೆ. ಇಎಕ್ಸ್‌ಟಿ4 ಆದರೆ ಬಳಕೆಯಲ್ಲಿರುವಾಗಲೇ ಹಿಗ್ಗುತ್ತದೆ. ಹೊಸದಾಗಿ ಸೇರಿದ 6 ಟಿಬಿಯನ್ನು ಎರಡೂ ಡಿಸ್ಕ್ ಹೊಂದಿಸಿಕೊಳ್ಳಲು ನಮ್ಮಲ್ಲಿ ಇನ್ನೂ 14 ಗಂಟೆ ಬೇಕಾಯಿತು.

ಆ ರಾತ್ರಿ ಎರಡು ಸಲ ಕರೆಂಟ್ ಹೋಯಿತು. ಮನೆಯ ಇನ್ವರ್ಟರ್ ಸಾಕು ಅಂತ ನಂಬಬೇಡಿ, ಬದಲಾಗುವ ಆ ಒಂದು ಕ್ಷಣಕ್ಕೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡಬಹುದು. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಇದ್ದರೆ ಹಾಕಿ, ಇಲ್ಲದಿದ್ದರೆ ಸಣ್ಣ ಯುಪಿಎಸ್ ಒಂದು ಬೇಕೇ ಬೇಕು.

ಡಿಸ್ಕ್ ಬಿಚ್ಚುವ ಮುಂಚೆ ಅದರ ಮೈಮೇಲಿನ ಸೀರಿಯಲ್ ನಂಬರ್ ಮತ್ತು ಸ್ಕ್ರೀನ್ ಮೇಲಿನ ನಂಬರ್ ಎರಡನ್ನೂ ಹೊಂದಿಸಿ ನೋಡಿ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಅನ್ನೋ ಹೆಸರು ನಂಬಿ ಬಿಚ್ಚಬೇಡಿ, ಹೊಸ ಡಿಸ್ಕ್ ಸೇರಿಸಿ ಸ್ಟಾರ್ಟ್ ಮಾಡಿದಾಗ ಅವು ಅದಲು ಬದಲಾಗಬಹುದು. ನಾನು ಕಾಗದದ ಟೇಪ್ ಮೇಲೆ ‘ಹಳೆಯದು, ಮುಟ್ಟಬಾರದು’ ಅಂತ ಬರೆದು ಅಂಟಿಸಿದೆ. ಬಿಡಿಸಿದ ಹಳೆ ಡಿಸ್ಕ್‌ಗಳನ್ನು ಒಂದು ತಿಂಗಳು ಹಾಗೇ ಕಪಾಟಿನಲ್ಲಿಟ್ಟೆ.

ರೇಡ್ ಇಲ್ಲದೆ ಒಂದೇ ಡಿಸ್ಕ್ ಇರುವವರು, ಆ ಡಿಸ್ಕ್ ಮೊದಲೇ ಎಲ್‌ವಿಎಂನಲ್ಲಿ (ಹಲವು ಡಿಸ್ಕ್‌ಗಳನ್ನು ಒಂದೇ ಜಾಗದ ಹಾಗೆ ತೋರಿಸುವ ಲಿನಕ್ಸ್ ವ್ಯವಸ್ಥೆ) ಇದ್ದರೆ, ಇನ್ನೊಂದನ್ನು ಜೋಡಿಸಬಹುದು. ಡೇಟಾ ಏನೂ ಹೋಗಲ್ಲ, ಆದರೆ ಮುಂದೆ ಎರಡರಲ್ಲಿ ಯಾವುದು ಕೆಟ್ಟರೂ ಇಡೀ ಜೋಡಣೆಗೇ ಕುತ್ತು. ರೇಡ್ ಕೆಲಸವನ್ನೂ ತಾನೇ ಮಾಡುವ ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಂ ಬಳಸುವವರಿಗೆ ಒಂದು ಒಳ್ಳೆ ಸುದ್ದಿ. ರೇಡ್‌ಝಡ್ ಅನ್ನೋ ಅದರ ಡಿಸ್ಕ್ ಗುಂಪಿಗೆ ಒಂದೊಂದೇ ಡಿಸ್ಕ್ ಸೇರಿಸುವ ಸೌಲಭ್ಯ 2025ರ ಜನವರಿಯಲ್ಲಿ ಬಂದ ಓಪನ್‌ಝಡ್‌ಎಫ್‌ಎಸ್ 2.3ರಲ್ಲಿ ಸಿಕ್ಕಿದೆ. ಅಲ್ಲಿ ‘ಅಟ್ಯಾಚ್’ ಅನ್ನುವ ಕಡೆ ‘ಆ್ಯಡ್’ ಅಂತ ಕೊಟ್ಟುಬಿಟ್ಟರೆ ಆ ಒಂಟಿ ಡಿಸ್ಕ್ ಬೇರೆ ಗುಂಪಾಗಿ ಸೇರಿ, ಮತ್ತೆ ಬಿಡಿಸಲು ಬರದ ಹಾಗೆ ಕೂತುಬಿಡುತ್ತದೆ. ಎಂಟರ್ ಒತ್ತುವ ಮುಂಚೆ ಇನ್ನೊಮ್ಮೆ ಓದಿ.

ಸಂಪಾದಕರೇ, 2021ರ ಜೂನ್ 1ಕ್ಕೆ ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ ನಿಂತ ಮೇಲೆ ನನಗೆ ಗೊತ್ತಿರುವ ಎಷ್ಟೋ ಮನೆಗಳವರು ಫೋಟೊಗಳನ್ನು ಮನೆಯ ಡಿಸ್ಕ್‌ಗೇ ತಂದುಕೊಂಡಿದ್ದಾರೆ. ಅವೂ ಒಂದು ದಿನ ತುಂಬುತ್ತವೆ ಅಲ್ವಾ? ಇಂಗ್ಲಿಷ್‌ನಲ್ಲಿ ಈ ವಿಷಯ ಬೇಕಾದಷ್ಟಿದೆ, ನಮ್ಮ ಅಂಗಡಿ ಹುಡುಗರಿಗೂ ಮನೆಯವರಿಗೂ ಅರ್ಥ ಆಗುವ ಕನ್ನಡದಲ್ಲಿ ಬೇಕು. ಹೊಸ ಮೊಬೈಲ್‌ಗಳ ಬಗ್ಗೆ ವಾರವಾರ ಬರೆಯುವ ಪುಟದಲ್ಲಿ ಒಂದು ವಾರ ಇದಕ್ಕೆ ಜಾಗ ಕೊಡಿ. ಬೇಕಿದ್ದರೆ ನಾನೇ ಬರೆದು ಕಳಿಸುತ್ತೇನೆ.

ಪ್ರಶ್ನೆ ಕೇಳಿದ ಆ ಓದುಗರ ವಿಳಾಸ ನಿಮ್ಮ ಹತ್ತಿರ ಇರುತ್ತದೆ. ಅವರು ಇನ್ನೂ ಏನನ್ನೂ ಒತ್ತಿಲ್ಲ ಅಂದುಕೊಂಡಿದ್ದೇನೆ. ಈ ಪತ್ರ ಅಚ್ಚಾಗುವ ಮೊದಲೇ ಅವರಿಗೊಂದು ಪ್ರತಿ ಕಳಿಸಿಕೊಡಿ, ದಯವಿಟ್ಟು.

ನಿಮ್ಮ ಓದುಗ
ಶಿರಸಿ ತಾಲ್ಲೂಕು