ಮೂರನೇ ನಟನ ನಮಸ್ಕಾರ

ಭಾನುವಾರ ಸೋಫೋಕ್ಲಿಸ್‌ನ ಗ್ರೀಕ್ ನಾಟಕ ‘ಅಂತಿಗೊನೆ’ಯ ಆರನೇ ಪ್ರದರ್ಶನ ಮುಗಿಸಿದೆವು. ದೊರೆ ಹೂಳಬಾರದು ಅಂದ ಒಡಹುಟ್ಟಿದವನ ಹೆಣಕ್ಕೆ ಮಣ್ಣು ಹಾಕಿ ಸಾವಿಗೆ ಗುರಿಯಾಗುವ ಹುಡುಗಿ ಅಂತಿಗೊನೆಯ ಕಥೆ ಅದು. ಗಂಟಲು ಇನ್ನೂ ಕರಕರ ಅನ್ನುತ್ತಿದೆ. ಆದರೂ ಥೀಬ್ಸ್‌ನ ದೊರೆ ಕ್ರಿಯಾನ್ ಆಗಿದ್ದವನು ಒಂದಿಷ್ಟು ಜನಕ್ಕೆ ಕೈಮುಗಿಯಬೇಕಿದೆ.

ಮಾರ್ಚ್‌ನಲ್ಲಿ ನನ್ನ ದನಿ ಪೂರ್ತಿ ಕೂತುಹೋಗಿತ್ತು. ಒಂದು ತಿಂಗಳು ಪಿಸುಗುಟ್ಟಲೂ ಬೇಡ ಅಂದರು ಡಾಕ್ಟರು. ರಾಜ ಆಗಬೇಕಾದವನು ಸ್ಲೇಟಲ್ಲಿ ಬರೆದು ಕಾಫಿ ಕೇಳುವ ಗತಿ! ಪಾತ್ರ ಬಿಡುತ್ತೇನೆ ಅಂತ ಅದೇ ಸ್ಲೇಟಲ್ಲಿ ಬರೆದು ತೋರಿಸಿದೆ. ನಿರ್ದೇಶಕರು ಓದಿದರು, ಅಂಗಿಯ ತೋಳಿನಿಂದ ಒರೆಸಿ ವಾಪಸ್ ಕೊಟ್ಟರು. ಸರ್, ಮೊದಲ ನಮಸ್ಕಾರ ನಿಮಗೆ.

ಮನೆಯಲ್ಲಿ ಎಲ್ಲರ ಸಾಲುಗಳನ್ನೂ ಹೆಂಡತಿಯೇ ಓದುತ್ತಿದ್ದಳು. ನಾನು ಕೇಳುವುದಷ್ಟೇ. ‘ಒಬ್ಬನೇ ಒಬ್ಬನ ಸ್ವತ್ತಾದ ಊರು ಊರೇ ಅಲ್ಲ’ ಅನ್ನುತ್ತಾನೆ ಕ್ರಿಯಾನ್‌ನ ಮಗ, ಅಂತಿಗೊನೆಯನ್ನು ಮದುವೆಯಾಗಬೇಕಿದ್ದ ಹೀಮಾನ್. ‘ಊರು ಆಳುವವನದ್ದಲ್ಲವೇ?’ ಅಂತ ಅಪ್ಪ. ‘ಹಾಗಾದರೆ ಯಾರೂ ಇಲ್ಲದ ಬೆಂಗಾಡನ್ನು ಒಬ್ಬನೇ ಚೆನ್ನಾಗಿ ಆಳುತ್ತೀಯ’ ಅಂತ ಮಗ. ಅಲ್ಲಿಗೆ ಅವಳು ಪುಸ್ತಕ ಮಡಚಿದಳು. ‘ಇದಕ್ಕೆ ನೀವು ಉತ್ತರಾನೇ ಕೊಡಲ್ವಲ್ರೀ? ಇವನು ಹೆಣ್ಣಿನ ಪರ ಅಂತ ಮೂದಲಿಸ್ತೀರಿ, ಅಷ್ಟೇ.’ ನಾನು ಎರಡು ತಿಂಗಳು ಅದೇ ಸಾಲನ್ನು ಗುಡುಗಿದ್ದೆ. ಅದು ಉತ್ತರ ಇಲ್ಲದವನ ಸಾಲು ಅಂತ ಹೊಳೆದೇ ಇರಲಿಲ್ಲ. ಆಮೇಲೆ ಅದನ್ನು ಮೆಲ್ಲಗೆ ಹೇಳತೊಡಗಿದೆ. ಗಂಟಲಿಗೂ ಒಳ್ಳೆಯದಾಯ್ತು!

ಕಾವಲುಗಾರನಾಗಿದ್ದ ನಮ್ಮ ಕ್ಯಾಷಿಯರ್ ತಮ್ಮನಿಗೆ ಜಾಸ್ತಿ ಥ್ಯಾಂಕ್ಸ್. ಹೆಣದ ಮೇಲೆ ಯಾರೋ ಮಣ್ಣು ಹಾಕಿದ್ದಾರೆ ಅನ್ನುವ ಸುದ್ದಿಯನ್ನು ದೊರೆಗೆ ಮುಟ್ಟಿಸಲು ಯಾರೂ ಮುಂದೆ ಬರುವುದಿಲ್ಲ. ಚೀಟಿ ಎತ್ತಿದಾಗ ಇವನ ಪಾಲಿಗೆ ಬರುತ್ತದೆ. ನಾಲ್ಕು ಹೆಜ್ಜೆ, ನಿಲ್ಲೋದು, ಹಿಂದಿರುಗಿ ನೋಡೋದು. ಅವನ ಆ ನಡಿಗೆ ನೋಡಿಯೇ ಜನರಿಗೆ ದೊರೆಯ ಭಯ ಹತ್ತುತ್ತಿತ್ತು. ನಾನು ಸುಮ್ನೆ ನಿಂತಿದ್ದರೂ ಸಾಕಾಗುತ್ತಿತ್ತು.

ತಂಡದವರಿಗೆ ಒಂದು ಗುಟ್ಟು. ಕ್ರಿಯಾನ್ ಪಾತ್ರಕ್ಕೆ ನಾನು ಮೂರನೇ ಆಯ್ಕೆ ಅಂತ ನನಗೆ ಗೊತ್ತಿತ್ತು. ಬೇಜಾರಿಲ್ಲ. ಕ್ರಿ.ಪೂ. 343ರಲ್ಲಿ ಅಥೆನ್ಸ್‌ನ ಕೋರ್ಟಿನಲ್ಲಿ ಹೆಸರಾಂತ ಭಾಷಣಕಾರ ಡೆಮಾಸ್ತನೀಸ್ ತನ್ನ ರಾಜಕೀಯ ಎದುರಾಳಿ ಐಸ್ಕಿನೀಸನನ್ನು ಹಂಗಿಸಿದ್ದೇ ಹೀಗೆ: ರಾಜದಂಡ ಹಿಡಿದು ಬರುವ ದೊರೆಗಳ ವೇಷ ಮೂರನೇ ನಟನಿಗೆ, ಅಂದರೆ ತಂಡದ ಕೊನೆಯ ದರ್ಜೆಯ ನಟನಿಗೆ, ಮೀಸಲು! ಐಸ್ಕಿನೀಸ್ ಮೊದಲು ನಟನಾಗಿದ್ದ, ಇದೇ ಕ್ರಿಯಾನ್ ಪಾತ್ರ ಮಾಡಿದ್ದ. ದೇಶಕ್ಕಿಂತ ಗೆಳೆಯ ದೊಡ್ಡವನು ಅನ್ನುವವನು ಲೆಕ್ಕಕ್ಕಿಲ್ಲ ಅನ್ನುವ ಕ್ರಿಯಾನ್‌ನ ಮೊದಲ ಭಾಷಣವನ್ನೂ ಡೆಮಾಸ್ತನೀಸ್ ಅವತ್ತು ಓದಿಸಿದನಂತೆ, ಒಳ್ಳೆಯ ಮಾತು ಅಂತಲೇ. ಹೌದು, ಕ್ರಿಯಾನ್ ಶುರು ಮಾಡೋದು ಚೆನ್ನಾಗಿಯೇ. ಅದನ್ನು ಮರೆತರೆ ಪಾತ್ರ ಕೆಡುತ್ತದೆ.

ಮುರಿದ ಮಂಚದ ಕಾಲಿನಿಂದ ರಾಜದಂಡ ಮಾಡಿಕೊಟ್ಟ ಬಡಗಿ ಅಣ್ಣ, ದುಡ್ಡು ಬೇಡ ಅಂದಿರಿ. ಮಂಚದ ಉಳಿದ ಮೂರು ಕಾಲು ನಿಮ್ಮಲ್ಲೇ ಇವೆ ತಾನೇ? ಮುಂದಿನ ನಾಟಕದಲ್ಲಿ ಇಬ್ಬರು ರಾಜರಿದ್ದಾರೆ.