ಬುಧವಾರದ ಕೊನೆಯ ಪೀರಿಯಡ್: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ.

ಬರುವ ಬುಧವಾರದಿಂದ ಐದರಿಂದ ಏಳನೆಯ ತರಗತಿಯವರೆಗಿನ ಮಕ್ಕಳಿಗೆ ಕೊನೆಯ ಪೀರಿಯಡ್‌ನಲ್ಲಿ ಕುಣಿತವಿರುತ್ತದೆ. ನೃತ್ಯ ತರಗತಿ ಎಂದು ಬರೆಯಲಿಲ್ಲ, ಏಕೆಂದರೆ ಅಲ್ಲಿ ಯಾರೂ ಏನನ್ನೂ ಕಲಿಸುವುದಿಲ್ಲ. ಸಭಾಂಗಣದ ಬೆಂಚುಗಳನ್ನು ಬದಿಗೆ ಸರಿಸಿ, ಹಾಡು ಹಾಕಿ, ಬಾಗಿಲು ಮುಚ್ಚುತ್ತೇವೆ. ಮಕ್ಕಳು ತೋಚಿದಂತೆ ಕುಣಿಯುತ್ತಾರೆ, ಅಷ್ಟೇ.

“ಟೀಚರೇ, ಇದು ಕಲೋತ್ಸವದ ಯಾವ ಐಟಂಗೆ?” ಎಂದು ಕೆಲವರು ಈಗಾಗಲೇ ಕೇಳಿದ್ದಾರೆ. ಕೇರಳದ ಶಾಲಾ ಮಕ್ಕಳ ಕಲಾಸ್ಪರ್ಧೆಯಾದ ಆ ಕಲೋತ್ಸವದ ಯಾವ ಐಟಂಗೂ ಅಲ್ಲ. ಈ ಪತ್ರ ಬರೆಯಲು ಆ ಪ್ರಶ್ನೆಯೇ ಕಾರಣ.

ಕಲೋತ್ಸವದ ಬಗ್ಗೆ ನನಗೆ ತಕರಾರಿಲ್ಲ. 2019ರಲ್ಲಿ ಕಾಞಂಗಾಡಿನಲ್ಲಿ ರಾಜ್ಯ ಕಲೋತ್ಸವ ನಡೆದಾಗ ನಾವೆಲ್ಲ ಸಂಭ್ರಮಪಟ್ಟವರೇ. ಅಲ್ಲಿ ಯಕ್ಷಗಾನಕ್ಕೊಂದು ಸ್ಥಾನವಿರುವುದು ಗಡಿನಾಡಿನ ಕನ್ನಡ ಶಾಲೆಗಳಿಗೆ ಸಣ್ಣ ಮಾತಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಮಾವಿಲ, ಮಲವೆಟ್ಟುವ ಸಮುದಾಯಗಳ ಮದುವೆ ಕುಣಿತ ಮಂಗಲಂಕಳಿ 2025ರ ತಿರುವನಂತಪುರದ ಕಲೋತ್ಸವದಲ್ಲಿ ವೇದಿಕೆ ಏರಿದಾಗಲೂ ಹೆಮ್ಮೆಯೆನಿಸಿತು. ಆದರೆ ಮದುವೆ ಚಪ್ಪರದಲ್ಲಿ ತುಡಿ ಎಂಬ ಚರ್ಮವಾದ್ಯದ ಪೆಟ್ಟಿಗೆ ಗಂಡಸರು, ಹೆಂಗಸರು ಸೇರಿ ಸುತ್ತು ಹಾಕುತ್ತಿದ್ದ ಆ ಕುಣಿತಕ್ಕೂ ಈಗ ತೀರ್ಪುಗಾರರು, ಗ್ರೇಡು, ಅಪೀಲು! ನಮ್ಮ ಮಕ್ಕಳಿಗೆ ಗೊತ್ತಿರುವುದೆಲ್ಲ ಯಾರೋ ಅಂಕ ಹಾಕುವ ಕುಣಿತ. ಬಾಡಿಗೆ ಆಭರಣ, ಮೇಕಪ್, ಮಾಸ್ಟರ ಫೀಸು ಇವುಗಳ ಲೆಕ್ಕ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅಷ್ಟು ಕೊಡಲಾರದ ಮನೆಯ ಮಗು, ಮೈ ತುಂಬಿದ ಮಗು, ತಾಳ ತಪ್ಪುವ ಮಗು ಆಯ್ಕೆಯ ದಿನವೇ ಹಿಂದೆ ಸರಿಯುತ್ತದೆ.

ಮೊನ್ನೆ ಮಳೆಗೆ ಆಟದ ಪೀರಿಯಡ್ ತಪ್ಪಿದಾಗ ಒಂದು ತರಗತಿಯಲ್ಲಿ ಹಾಡು ಹಾಕಿದೆವು. ಮೊದಲ ಹಾಡು ಮುಗಿಯುವವರೆಗೂ ಹುಡುಗರು ಕಿಟಕಿಯ ಸರಳು ಹಿಡಿದು ನಿಂತಿದ್ದರು. ಹುಡುಗಿಯರು ಒಬ್ಬಳ ಬೆನ್ನ ಹಿಂದೆ ಒಬ್ಬಳು. ಎರಡನೆಯದಕ್ಕೆ, ಹಾಜರಿ ಕರೆದರೂ ದನಿ ಕೇಳಿಸದ ಒಬ್ಬ ಹುಡುಗ ಮಂಡಿ ಬಗ್ಗಿಸಿ ಗಿರಕಿ ಹೊಡೆಯತೊಡಗಿದ. (ಯಾರೆಂದು ಕೇಳಬೇಡಿ, ಹೇಳುವುದಿಲ್ಲ.) ಯಕ್ಷಗಾನದ ಧೀಂಗಿಣ ಎನ್ನಬಹುದು, ಎನ್ನದೆಯೂ ಇರಬಹುದು. ನೋಡನೋಡುತ್ತ ಇನ್ನೂ ನಾಲ್ಕೈದು ಮಂದಿ ಸೇರಿಕೊಂಡರು. ಅಷ್ಟರಲ್ಲಿ ಜಗಲಿಯಲ್ಲಿ ಯಾರೋ ಮೊಬೈಲ್ ಎತ್ತಿದರು. ಹುಡುಗನ ಕೈ ಅಂಗಿಯ ಗುಂಡಿಗೆ ಹೋಯಿತು, ಕಾಲು ನಿಂತಿತು.

ಆದ್ದರಿಂದ ಬುಧವಾರ ಮೊಬೈಲ್ ಇಲ್ಲ. ಶಾಲೆಯ ವಾಟ್ಸಾಪ್ ಗುಂಪಿಗೂ ಒಂದು ಚಿತ್ರವೂ ಬರುವುದಿಲ್ಲ.

ಇದು ನಮಗೆ ಹೊಸತೂ ಅಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ಸೀಮೆಯ ಹಿರಿಯರನ್ನು ಕೇಳಿ ನೋಡಿ. ಇಡೀ ರಾತ್ರಿಯ ಯಕ್ಷಗಾನ ಆಟದಲ್ಲಿ, ಪ್ರಸಂಗದ ಕಥೆ ಶುರುವಾಗುವ ಮುಂಚಿನ ಪೂರ್ವರಂಗದಲ್ಲಿ, ಕೋಡಂಗಿ ವೇಷಗಳು ಬರುತ್ತಿದ್ದವು. ಗೆಜ್ಜೆ ಕಟ್ಟಿ ಹೆಚ್ಚು ಕಾಲವಾಗದ ಹುಡುಗರ ಪಾಲಿನ ವೇಷ ಅದು. ಹಾಡುವವರೂ ಮುಖ್ಯ ಭಾಗವತರಲ್ಲ, ಇನ್ನೂ ಕಲಿಯುತ್ತಿರುವ ಸಂಗೀತಗಾರರು. ಜನ ಆಗಿನ್ನೂ ಊಟ ಮುಗಿಸಿ ಬರುತ್ತಿರುತ್ತಿದ್ದರು. ಹೆಜ್ಜೆ ತಪ್ಪಿದರೆ ತಪ್ಪಿತು, ಕೇಳುವವರಾರು? ಆಟ ಕಾಲಮಿತಿಗೆ ಬಂದಾಗ ಮೊದಲು ಕತ್ತರಿ ಬಿದ್ದದ್ದು ಆ ಪೂರ್ವರಂಗಕ್ಕೇ. ಶಾಲೆಗಳಲ್ಲಿಯೂ ಈಗ ಮಕ್ಕಳಿಗೆ ನೇರವಾಗಿ ಪ್ರಸಂಗಕ್ಕೇ ಪ್ರವೇಶ.

ಮಗಳು ಕುಣಿಯುವುದು ಬೇಡ ಎಂದ ತಾಯಂದಿರಿಗೆ ಒಂದು ಮಾತು: ಒತ್ತಾಯವಿಲ್ಲ. 2025ರಲ್ಲಿ ಶಾಲೆಗಳಿಗೆ ಜುಂಬಾ ಎಂಬ ವ್ಯಾಯಾಮ ಕುಣಿತ ಬಂದಾಗ ಎದ್ದ ವಾದವಿವಾದ ನನಗೂ ನೆನಪಿದೆ. ಕುಣಿಯದವರು ಬೆಂಚಿನ ಮೇಲೆ ತಾಳ ಹಾಕಬಹುದು, ಹಾಡು ಆರಿಸಬಹುದು, ಸುಮ್ಮನೆ ಕುಳಿತಿರಲೂಬಹುದು. ತಾಳ ಹಾಕುವ ಬೆರಳು ಎಷ್ಟು ಹೊತ್ತು ಕುಳಿತಲ್ಲೇ ಇರುತ್ತದೆಂದು ಮಾತ್ರ ನಾನು ಭರವಸೆ ಕೊಡಲಾರೆ.

ನಿಮ್ಮಿಂದ ಬೇಕಾದ ಸಹಾಯ ಇಷ್ಟೇ. ಮಗು ಮನೆಗೆ ಬಂದಾಗ “ಏನು ಕುಣಿದೆ, ತೋರಿಸು” ಎಂದು ನೆಂಟರ ಮುಂದೆ ನಿಲ್ಲಿಸಬೇಡಿ. ‘ಕುಣಿಯಲಾರದವಳಿಗೆ ನೆಲ ಡೊಂಕು’ ಎಂಬ ಗಾದೆಯನ್ನು ತಮಾಷೆಗೂ ತೆಗೆಯಬೇಡಿ. ಅಣ್ಣನ ಕುಣಿತಕ್ಕೆ ತಂಗಿಯದನ್ನು ಹೋಲಿಸುವುದಂತೂ ಬೇಡವೇ ಬೇಡ.

ಬುಧವಾರ ಒಂದು ಬೈರಾಸು (ಟವೆಲ್), ನೀರಿನ ಬಾಟಲಿ ಕೊಟ್ಟು ಕಳುಹಿಸಿ. ನೆಲ ನುಣುಪಾಗಿರುವುದರಿಂದ ಎಲ್ಲರೂ ಬರಿಗಾಲಲ್ಲಿರಬೇಕು. ಹಾಡು ಕನ್ನಡ, ತುಳು, ಮಲಯಾಳ, ಮಾಪಿಳ್ಳೆಪಾಟ್ಟು ಯಾವುದಾದರೂ ಸರಿ. ಮಕ್ಕಳು ಮುಂಚಿನ ದಿನವೇ ಚೀಟಿಯಲ್ಲಿ ಬರೆದುಕೊಡಲಿ. ಉಬ್ಬಸ, ಮೊಣಕಾಲು ನೋವು ಇರುವ ಮಕ್ಕಳ ವಿಷಯವನ್ನು ತರಗತಿ ಅಧ್ಯಾಪಕರಿಗೆ ಸೋಮವಾರದೊಳಗೆ ತಿಳಿಸಿ.

ಅಧ್ಯಾಪಕರೂ ಕುಣಿಯಬೇಕೆಂದು ಮಕ್ಕಳು ಷರತ್ತು ಹಾಕಿದ್ದಾರೆ. ಗಣಿತದ ಮಾಷ್ಟ್ರು ಒಪ್ಪಿಯೂ ಆಗಿದೆ.

ಇತಿ ನಿಮ್ಮ,
ಮುಖ್ಯ ಶಿಕ್ಷಕಿ