ಕತ್ತರಿ ಮತ್ತೆ ಕೈಗೆ ಬಂತು, ಎಲ್ಲರಿಗೂ ಥ್ಯಾಂಕ್ಸ್

ಬಿದ್ದು ಬಲಗೈಗೆ ಪೆಟ್ಟಾಗಿ ಮುಚ್ಚಿದ್ದ ಹನುಮಂತನಗರದ ನನ್ನ ಟೈಲರಿಂಗ್ ಅಂಗಡಿ ಈ ವಾರದಿಂದ ಮತ್ತೆ ತೆರೆದಿದೆ. ಬಲಗೈ ಹೆಬ್ಬೆರಳು ಕತ್ತರಿ ಹಿಡಿಯೊಳಗೆ ಸಲೀಸಾಗಿ ಆಡ್ತಿದೆ. ಇದಕ್ಕೆ ಕಾರಣರಾದವರನ್ನೆಲ್ಲ ಹುಡುಕಿಕೊಂಡು ಹೋಗಿ ಹೇಳೋಕಾಗಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲ ನಮಸ್ಕಾರ ಹೂ ಮಾರುವ ಅಮ್ಮನಿಗೆ. ಆಷಾಢದ ತುಂತುರು ಮಳೆ, ಅಗೆದುಬಿಟ್ಟ ರಸ್ತೆ. ಜಲ್ಲಿ ಮೇಲೆ ಸ್ಕೂಟರ್ ಜಾರಿ, ಅಂಗೈ ಊರಿಕೊಂಡು ಬಿದ್ದೆ. ಸುತ್ತ ನಿಂತವರು ನೀರು ಕೊಡಿ, ಸೋಡಾ ಕೊಡಿ ಅಂತಿದ್ರೆ ಆಕೆ ಮಾತ್ರ ಮಾತಿಲ್ಲದೆ ನನ್ನ ಬಳೆ, ಉಂಗುರ ಬಿಡಿಸಿ ದುಪಟ್ಟಾ ತುದಿಗೆ ಗಂಟು ಹಾಕಿದರು. "ಊದಿಕೊಂಡ ಮೇಲೆ ಕತ್ತರಿಸಿಯೇ ತೆಗೀಬೇಕಾಗುತ್ತೆ ಕಣಮ್ಮ." ಆಸ್ಪತ್ರೆಗೆ ಬಿಟ್ಟು ದುಡ್ಡು ಮುಟ್ಟದೆ ಹೋದ ಆಟೋ ಅಣ್ಣನಿಗೂ ಶರಣು. ಬೆಂಗಳೂರಲ್ಲಿ ಮೀಟರ್ ಹಾಕದ ಆಟೋದವರನ್ನ ಹೊಗಳೋ ಕಾಲವೂ ಬಂತು ನೋಡಿ!

ಇನ್ನು ಆ ಡ್ಯೂಟಿ ಡಾಕ್ಟರ್. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಊತ ಅಷ್ಟಿಲ್ಲ, ಕೈ ಸೊಟ್ಟಗಾಗಿಲ್ಲ. ಉಳುಕು ಅಂತ ಮುಲಾಮು ಬರೆದು ಕಳಿಸಬಹುದಿತ್ತು. ಆಕೆ ಹೆಬ್ಬೆರಳು ಮೇಲೆತ್ತಿಸಿ, ಅದರ ಬುಡದಲ್ಲಿ ಮೂಡುವ ಗುಳಿಯನ್ನ, ಹಿಂದಿನವರು ನಶ್ಯ ಇಟ್ಟುಕೊಳ್ತಿದ್ದ ಜಾಗವನ್ನ, ಬೆರಳಲ್ಲಿ ಒತ್ತಿದರು. ಜೀವ ಬಾಯಿಗೆ ಬಂತು. "ಇಲ್ಲಿ ನೋವಿದ್ರೆ ನಾನು ಫಿಲ್ಮ್ ನಂಬಲ್ಲ" ಅಂದು, ಹೆಬ್ಬೆರಳೂ ಸೇರಿಸಿ ಪಟ್ಟಿ ಕಟ್ಟಿ, 10ರಿಂದ 14 ದಿನದೊಳಗೆ ಮತ್ತೆ ಬರಲೇಬೇಕು ಅಂದರು. ಎರಡನೇ ಎಕ್ಸ್‌ರೇಯಲ್ಲಿ ಬಿರುಕು ಕಾಣಿಸ್ತು. ಸ್ಕೇಫಾಯ್ಡ್ ಅಂತ, ಮಣಿಕಟ್ಟಿನಲ್ಲಿರೋ ಗೋಡಂಬಿಯಂಥ ಪುಟ್ಟ ಮೂಳೆ. ಅದಕ್ಕೆ ರಕ್ತ ಬಹುಪಾಲು ಬೆರಳಿನ ಕಡೆಯಿಂದ ಹಿಮ್ಮುಖವಾಗಿ ಹರಿಯುತ್ತಂತೆ. ನಡುವೆ ಮುರಿದರೆ ಮೊಣಕೈ ಕಡೆಯ ತುಂಡಿಗೆ ರಕ್ತ ಸಾಲದೆ ಮೂಳೆ ಕೂಡದೇ ಉಳೀಬಹುದು, ಆ ತುಂಡು ಸತ್ತೇ ಹೋಗಬಹುದು. ಕತ್ತರಿ ಹಿಡಿದು ಬದುಕುವವಳಿಗೆ ಅದರರ್ಥ ಬಿಡಿಸಿ ಹೇಳಬೇಕೇ?

ಪ್ಲಾಸ್ಟರ್ ಹಾಕಿದ ನರ್ಸ್ ಬಾಗಿಲವರೆಗೂ ಬಂದು ಹೇಳಿದ್ದು ಇದು: ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ಬೆರಳು ನೆಟ್ಟಗೆ ಮಾಡಿದಾಗ ತಡೆಯಲಾರದ ನೋವಾದರೆ ನಡುರಾತ್ರಿಯಾದ್ರೂ ಬಾ. ನಾದಿನಿ ರಾತ್ರಿ ಎದ್ದೆದ್ದು ಮೊಬೈಲ್ ಟಾರ್ಚ್‌ನಲ್ಲಿ ನನ್ನ ಉಗುರು ನೋಡ್ತಿದ್ದಳು. ನಾಟಿ ವೈದ್ಯರ ಹತ್ರ ಪುತ್ತೂರು ಕಟ್ಟು ಕಟ್ಟಿಸು ಅಂತ ದುಂಬಾಲು ಬಿದ್ದ ನೆಂಟರನ್ನ ಕಾಫಿ ಕೊಟ್ಟೇ ಸಾಗಹಾಕಿದವಳೂ ಅವಳೇ.

ಫಿಸಿಯೋಥೆರಪಿ ಕೋಣೆಯ ಗೆಳೆಯರೇ, ನಿಮ್ಮನ್ನ ಮರೀತೀನಾ? ಬಾಲ್ ಬಡಿದು ಬೆರಳ ತುದಿ ಜೋತುಬಿದ್ದಿದ್ದ ಹುಡುಗ, ಎಡಗೈಯಲ್ಲಿ ಎತ್ತಿದ್ರೆ ನೆಟ್ಟಗಾಗೋದು, ಬಿಟ್ರೆ ಮತ್ತೆ ಬೀಳೋದು. 6ರಿಂದ 8 ವಾರ ಹಗಲು ರಾತ್ರಿ ಪಟ್ಟಿ, ಮಧ್ಯೆ ಒಂದು ಸಲ ಬಾಗಿದ್ರೂ ಲೆಕ್ಕ ಮೊದಲಿಂದ. ಪಾಪ, ಸ್ನಾನಕ್ಕೂ ಅಮ್ಮನ ಕಾವಲು! ಭುಜ ಜಾರಿದ್ದ ಡೆಲಿವರಿ ಹುಡುಗನ ಭುಜದ ದುಂಡು ಹೋಗಿ ಚಪ್ಪಟೆಯಾಗಿತ್ತಂತೆ. ಕೂರಿಸೋ ಮೊದಲು ಡಾಕ್ಟರು ತೋಳಿನ ಹೊರಬದಿ ಮುಟ್ಟಿ, ಸ್ಪರ್ಶ ಗೊತ್ತಾಗ್ತಿದೆಯಾ ಅಂತ ಕೇಳಿದ್ದರಂತೆ, ಅಲ್ಲಿನ ನರಕ್ಕೆ ಪೆಟ್ಟಾಗಿರಬಹುದು ಅಂತ. ಸಕ್ಕರೆ ಕಾಯಿಲೆಯ ಆಂಟಿಯದು ಫ್ರೋಜನ್ ಶೋಲ್ಡರ್. ಬೇರೆಯವರು ಎತ್ತಿದ್ರೂ ತೋಳು ಮೇಲೇಳಲ್ಲ. ಹಿಂದೆ ಹುಕ್ ಇದ್ದ ಬ್ಲೌಸ್‌ಗಳನ್ನ ಮುಂದೆ ಹುಕ್ ಮಾಡಿಕೊಡು ಅಂತ ಅಂಗಡಿಗೆ ಎಷ್ಟು ಜನ ಬರ್ತಾರೆ! ಫ್ಯಾಷನ್ ಅಲ್ಲ, ಭುಜ ಅಂತ ನನಗೆ ಈಗ ಹೊಳೀತಿದೆ. ಆಂಟಿ, ನಿಮ್ಮದು ನಾನೇ ಮಾಡಿಕೊಡ್ತೀನಿ, ಚಾರ್ಜ್ ಇಲ್ಲ.

ವರಮಹಾಲಕ್ಷ್ಮಿ ಹಬ್ಬದ ಬ್ಲೌಸ್ ಪೀಸುಗಳು ಅಂಗಡಿಯಲ್ಲಿ ರಾಶಿ ಬಿದ್ದಿದ್ದಾಗ, ಮುಂದಿನ ಬೀದಿಯ ಟೈಲರ್ ಅಕ್ಕ, ಅಂದರೆ ನನ್ನ ಕಾಂಪಿಟೇಟರ್, ಚೀಲ ಸಮೇತ ಒಯ್ದು ಹೊಲಿದು, ಕೂಲಿಯನ್ನೂ ನನ್ನ ಮನೆಗೇ ಕಳಿಸಿದರು. ಏನು ಹೇಳಲಿ? ಗಿರಾಕಿಗಳೂ ಅಷ್ಟೇ, ಒಬ್ಬರೂ ಅಡ್ವಾನ್ಸ್ ವಾಪಸ್ ಕೇಳಲಿಲ್ಲ.

ಹಿಡಿತ ಇನ್ನೂ ಪೂರ್ತಿ ಬಂದಿಲ್ಲ, ಸಂಜೆ ಹೊತ್ತಿಗೆ ಮಣಿಕಟ್ಟು ಬಿಗೀತದೆ. ಸಂಕ್ರಾಂತಿಗೆ ಸಾದಾ ಬ್ಲೌಸ್, ಫಾಲ್ಸ್, ಆಲ್ಟರೇಶನ್ ತನ್ನಿ, ಅಳತೆ ಬ್ಲೌಸ್ ಮರೀಬೇಡಿ. ಆರಿ ವರ್ಕ್ ಮಾತ್ರ ಯುಗಾದಿ ಆದಮೇಲೆ.